ಸಾದಾ ಪೆಟ್ರೋಲೋ, ಪವರ್ ಪೆಟ್ರೋಲೋ: ಆಕ್ಟೇನ್ ಆರಿಸಿ ಮೈಲೇಜ್ ಅಳೆಯುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯ ಬಂಕ್‌ನಲ್ಲಿ ಕಾರು ನಿಲ್ಲಿಸಿ ಗಾಜು ಇಳಿಸಿದ ಕೂಡಲೇ ಹುಡುಗ ಕೇಳುತ್ತಾನೆ: “ಸರ್, ಸಾದಾ ಹಾಕಲೋ, ಪವರ್ ಹಾಕಲೋ?” ಹಿಂದೆ ನಾಲ್ಕು ಗಾಡಿಗಳು ಹಾರ್ನ್ ಹೊಡೆಯುತ್ತಿರುತ್ತವೆ. ಲೀಟರ್‌ಗೆ ಏಳೆಂಟು ರೂಪಾಯಿ ಹೆಚ್ಚು ಕೊಡಬೇಕೋ ಬೇಡವೋ ಎಂಬುದನ್ನು ಎರಡು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಹೆಚ್ಚಿನವರು ಅಂದಿನ ಜೇಬಿನ ಸ್ಥಿತಿ ನೋಡಿ ತೀರ್ಮಾನಿಸುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದೆ.

ಒಮ್ಮೆ ನನ್ನ ಕಾರಿನ ಮೈಲೇಜ್ ಇದ್ದಕ್ಕಿದ್ದಂತೆ ಇಳಿಯಿತು. ಪರಿಚಯದ ಮೆಕ್ಯಾನಿಕ್ ಒಬ್ಬರು “ಪವರ್ ಪೆಟ್ರೋಲ್ ಹಾಕಿ ನೋಡಿ, ಎಂಜಿನ್ ಬಿಚ್ಚಿಕೊಳ್ಳುತ್ತದೆ” ಎಂದರು. ನಾಲ್ಕು ಬಾರಿ ಟ್ಯಾಂಕ್ ತುಂಬಿಸಿದೆ. ಏನೂ ಬದಲಾಗಲಿಲ್ಲ. ಕೊಪ್ಪಳದಿಂದ ಮರಳಿದ ಒಂದು ಸಂಜೆ ಡಿಕ್ಕಿಯಿಂದ ಚೀಲ ಇಳಿಸುವಾಗ ಎಡಗಡೆಯ ಹಿಂದಿನ ಚಕ್ರದಿಂದ ಕಾವು ಬರುತ್ತಿರುವುದು ಕಾಲಿಗೆ ತಾಗಿತು. ಬ್ರೇಕ್ ಹಿಡಿದುಕೊಂಡೇ ಇತ್ತು, ಕಾರು ನೂರು ಕಿಲೋಮೀಟರ್ ಬ್ರೇಕ್ ಎಳೆದುಕೊಂಡು ಓಡಿತ್ತು. ಅದನ್ನು ಸರಿಮಾಡಿಸಿದ ಮೇಲೆ ಸಾದಾ ಪೆಟ್ರೋಲಿನಲ್ಲೇ ಹಳೆಯ ಮೈಲೇಜ್ ಮರಳಿತು. ಕಾಲು ನೋವಿಗೆ ಕಣ್ಣಿನ ಔಷಧ ಹಾಕಿದಂತಾಗಿತ್ತು ನನ್ನ ಖರ್ಚು. ಅಂದಿನಿಂದ ಯಾವ ಪೆಟ್ರೋಲ್ ಎಂಬ ಪ್ರಶ್ನೆಯನ್ನು ಒಂದು ಕ್ರಮದಲ್ಲಿ ನೋಡುತ್ತಿದ್ದೇನೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಹೆಜ್ಜೆಗಳನ್ನು ಹಿಂದುಮುಂದು ಮಾಡದೆ ಅನುಸರಿಸಿದರೆ ಮಾತ್ರ ಉಪಯೋಗ.

ಮೊದಲು ಆಕ್ಟೇನ್ ಏನನ್ನು ಅಳೆಯುತ್ತದೆ ಎಂಬುದು ತಿಳಿದಿರಲಿ

ಎಂಜಿನ್ನಿನ ಸಿಲಿಂಡರ್ ಒಳಗೆ ಪಿಸ್ಟನ್ ಮೇಲೇರುವಾಗ ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣ ಬಿಗಿಯಾಗಿ ಒತ್ತಲ್ಪಟ್ಟು ಬಿಸಿಯಾಗುತ್ತದೆ. ಸರಿಯಾದ ಗಳಿಗೆಗೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡಬೇಕು, ಆ ಕಿಡಿಯಿಂದ ಹುಟ್ಟಿದ ಜ್ವಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಬೇಕು. ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಹೊತ್ತಿಕೊಂಡರೆ ಅದನ್ನು ನಾಕಿಂಗ್ ಎನ್ನುತ್ತಾರೆ. ಒತ್ತಡ ಮತ್ತು ಕಾವನ್ನು ತಾಳಿಕೊಂಡು, ತಾನಾಗಿ ಹೊತ್ತಿಕೊಳ್ಳದೆ ಕಿಡಿಗಾಗಿ ಕಾಯುವ ಗುಣಕ್ಕೆ ಕೊಟ್ಟ ಅಂಕವೇ ಆಕ್ಟೇನ್. ಐಸೋಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್ ಎಂಬ ದ್ರವಕ್ಕೆ 0 ಎಂದು ಇಟ್ಟುಕೊಂಡು, ಪರೀಕ್ಷೆಯ ಎಂಜಿನ್ನಿನಲ್ಲಿ ಪೆಟ್ರೋಲನ್ನು ಅವೆರಡರ ಮಿಶ್ರಣದೊಂದಿಗೆ ಹೋಲಿಸಿ ಈ ಅಂಕ ಕೊಡುತ್ತಾರೆ. 91 ಎಂದರೆ 91 ಪಾಲು ಐಸೋಆಕ್ಟೇನ್, 9 ಪಾಲು ಹೆಪ್ಟೇನ್ ಸೇರಿಸಿದ ಮಿಶ್ರಣದಷ್ಟು ತಾಳಿಕೆ.

ಇದರಲ್ಲಿ ಶಕ್ತಿಯ ಮಾತೇ ಇಲ್ಲ. ರಾಯಚೂರು ಕಡೆಯ ಹಳ್ಳಿಯ ಒಲೆಯನ್ನು ನೆನೆಸಿಕೊಳ್ಳಿ. ಹತ್ತಿ ಕಟ್ಟಿಗೆ ಕಡ್ಡಿ ಗೀರಿದೊಡನೆ ಹೊತ್ತುತ್ತದೆ, ಜಾಲಿಯ ಕೊರಡು ತಡಮಾಡುತ್ತದೆ. ಎಷ್ಟು ಬೇಗ ಹೊತ್ತುತ್ತದೆ ಎಂಬುದು ಒಂದು ವಿಚಾರ, ಹೊತ್ತಿದ ಮೇಲೆ ಎಷ್ಟು ಕಾವು ಕೊಡುತ್ತದೆ ಎಂಬುದು ಇನ್ನೊಂದು. ಆಕ್ಟೇನ್ ಮೊದಲನೆಯದನ್ನಷ್ಟೇ ಹೇಳುತ್ತದೆ. ಇದಕ್ಕೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಒಳ್ಳೆಯ ಸಾಕ್ಷಿ. ಅದರ ಆಕ್ಟೇನ್ 108ರ ಆಸುಪಾಸು, ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ.

ಹಾಗಾದರೆ ಹೆಚ್ಚು ಆಕ್ಟೇನಿನಿಂದ ಮೈಲೇಜ್ ಹೆಚ್ಚಾಗುವುದೇ ಇಲ್ಲವೆ? ಕೆಲವು ಕಾರುಗಳಲ್ಲಿ ಆಗುತ್ತದೆ. ಈಗಿನ ಎಂಜಿನ್ನುಗಳಲ್ಲಿ ನಾಕ್ ಸೆನ್ಸರ್ ಎಂಬ ಕಿವಿ ಇದೆ. ನಾಕಿಂಗ್ ಸುಳಿವು ಸಿಕ್ಕ ಕೂಡಲೇ ಎಂಜಿನ್ನಿನ ಕಂಪ್ಯೂಟರ್ ಕಿಡಿ ಕೊಡುವ ಗಳಿಗೆಯನ್ನು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ಅದೇ ಪೆಟ್ರೋಲಿನಿಂದ ಸಿಗುವ ಕೆಲಸ ಕಡಿಮೆಯಾಗುತ್ತದೆ. 95 ಆಕ್ಟೇನನ್ನು ಲೆಕ್ಕದಲ್ಲಿಟ್ಟು ಮಾಡಿದ ಕಾರಿಗೆ ಕಡಿಮೆ ಆಕ್ಟೇನ್ ಹಾಕಿದಾಗ ಹೀಗೆ ನಷ್ಟವಾಗುತ್ತದೆ, 95 ಹಾಕಿದಾಗ ಆ ನಷ್ಟ ತುಂಬಿಬರುತ್ತದೆ. 91ಕ್ಕೆ ಮಾಡಿದ, 91ರಲ್ಲಿ ನಾಕಿಂಗ್ ಇಲ್ಲದೆ ಓಡುತ್ತಿರುವ ಕಾರಿನಲ್ಲಿ ತುಂಬಿಬರಬೇಕಾದ ನಷ್ಟವೇ ಇಲ್ಲ.

ಹೆಜ್ಜೆ 1: ಟ್ಯಾಂಕಿನ ಮುಚ್ಚಳದ ಒಳಗಡೆ ಓದಿ

ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ತೆರೆದರೆ ಒಳಭಾಗದಲ್ಲಿ ಸಣ್ಣ ಚೀಟಿ ಅಂಟಿಸಿರುತ್ತಾರೆ. ಅದಿಲ್ಲದಿದ್ದರೆ ಮಾಲೀಕರ ಕೈಪಿಡಿಯ ಇಂಧನದ ಪುಟ ನೋಡಿ. ನೀವು ಹುಡುಕಬೇಕಾದದ್ದು ಆರ್‌ಒಎನ್ (RON, ಆಕ್ಟೇನ್ ಅಂಕದ ಗುರುತು) ಎಂಬ ಅಕ್ಷರಗಳ ಪಕ್ಕದ ಸಂಖ್ಯೆ, ಮತ್ತು ಆ ಸಂಖ್ಯೆಯ ಮುಂದೆ “ಕನಿಷ್ಠ” ಎಂದಿದೆಯೋ “ಶಿಫಾರಸು” ಎಂದಿದೆಯೋ ಎಂಬುದು. “ಕನಿಷ್ಠ 91” ಎಂದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ ಎಂದರ್ಥ. “ಶಿಫಾರಸು 95, ಕನಿಷ್ಠ 91” ಎಂದಿದ್ದರೆ 91ರಲ್ಲಿ ಎಂಜಿನ್ನಿಗೆ ಅಪಾಯವಿಲ್ಲ, ಆದರೆ ತಯಾರಕರು ಹೇಳಿದ ಬಲ ಮತ್ತು ಮೈಲೇಜ್ 95ರಲ್ಲಿ ಅಳೆದದ್ದು. “ಕನಿಷ್ಠ 95” ಎಂದಿದ್ದರೆ ಚರ್ಚೆಗೆ ಅವಕಾಶವಿಲ್ಲ.

ಅಮೆರಿಕದ ವೀಡಿಯೊಗಳಲ್ಲಿ 87, 89, 93 ಎಂಬ ಸಂಖ್ಯೆಗಳನ್ನು ನೋಡಿ ಗೊಂದಲಪಡುವವರು ಬಹಳ. ಅಲ್ಲಿಯ ಬಂಕ್‌ಗಳಲ್ಲಿ ಎರಡು ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ. ಅವರ 87 ಹೆಚ್ಚು ಕಡಿಮೆ ನಮ್ಮ 91ಕ್ಕೆ ಸಮ. “ಅಮೆರಿಕದಲ್ಲೇ 87 ಹಾಕುತ್ತಾರೆ” ಎಂದು ಯಾರಾದರೂ ವಾದಿಸಿದರೆ ಇದನ್ನು ನೆನಪಿಸಿ.

ಅದೇ ಚೀಟಿಯಲ್ಲಿ ಇ10 ಅಥವಾ ಇ20 (ಶೇ 10 ಅಥವಾ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್) ಎಂದೂ ಇರಬಹುದು. ಅದನ್ನೂ ಬರೆದಿಟ್ಟುಕೊಳ್ಳಿ, ಮುಂದಿನ ಹೆಜ್ಜೆಗೆ ಬೇಕು. ಡೀಸೆಲ್ ಕಾರಿನವರಿಗೆ ಈ ಲೇಖನದ ಆಕ್ಟೇನ್ ಭಾಗ ಸಂಬಂಧಿಸಿದ್ದಲ್ಲ. ಡೀಸೆಲ್ ಬೇಗ ಹೊತ್ತಿಕೊಳ್ಳಬೇಕು, ಅದರ ಅಳತೆ ಸೀಟೇನ್. ಮೈಲೇಜ್ ಅಳೆಯುವ ಕ್ರಮ ಮಾತ್ರ ಇಬ್ಬರಿಗೂ ಒಂದೇ.

ಹೆಜ್ಜೆ 2: ಬಂಕ್‌ನಲ್ಲಿ ಈಗ ಸಿಗುತ್ತಿರುವುದು ಏನು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು, ಏಕೆಂದರೆ ಕೆಲವೇ ವರ್ಷಗಳಲ್ಲಿ ಸಾದಾ ಪೆಟ್ರೋಲ್ ಬದಲಾಗಿದೆ, ಹಳೆಯ ಸಲಹೆಗಳು ಮಾತ್ರ ಬದಲಾಗಿಲ್ಲ. 2020ರ ಏಪ್ರಿಲ್ 1ರಂದು ದೇಶದಾದ್ಯಂತ ಬಿಎಸ್-6 ಎಂಬ ಹೊಗೆ ಮಾಲಿನ್ಯದ ನಿಯಮ ಜಾರಿಯಾದಾಗ ಸಾದಾ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91 ಇತ್ತು. ಬಹಳ ಹಿಂದೆ, ಬಿಎಸ್-2ರ ಕಾಲದಲ್ಲಿ, ಅದು 88 ಇತ್ತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ, ಅಂದರೆ ಇ20ಗೆ, ಚಾಲನೆ ಸಿಕ್ಕಿತು. ಈಗ ಅದೇ ಸಾಮಾನ್ಯ ಪೆಟ್ರೋಲ್ ಆಗಿದೆ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಸ್ಪಷ್ಟನೆಯಂತೆ ಶೇ 20ರ ಮಿಶ್ರಣದಿಂದ ಆಕ್ಟೇನ್ 95ಕ್ಕೆ ಏರಿದೆ.

ಇದರ ಅರ್ಥವನ್ನು ಗಮನಿಸಿ. “ಸಾದಾ ಅಂದರೆ 91, ಪವರ್ ಅಂದರೆ 95” ಎಂದು ನಾವು ಬಾಯಿಪಾಠ ಮಾಡಿಕೊಂಡಿದ್ದ ಅಂತರ ಇ20 ಬಂದ ಮೇಲೆ ಕಾಗದದ ಮೇಲೆ ಬಹುಮಟ್ಟಿಗೆ ಅಳಿದುಹೋಗಿದೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಹಿಂದೂಸ್ತಾನ್ ಪೆಟ್ರೋಲಿಯಂನ ಪವರ್95 ಮುಂತಾದವಕ್ಕೆ ಹೆಚ್ಚು ಹಣ ಕೊಟ್ಟಾಗ ಸಿಗುವ ಮುಖ್ಯ ವಸ್ತು ಎಂದರೆ ಇಂಜೆಕ್ಟರ್ ಮತ್ತು ವಾಲ್ವ್‌ಗಳ ಮೇಲೆ ಕಿಟ್ಟ ಕೂರದಂತೆ ನೋಡಿಕೊಳ್ಳುವ ರಾಸಾಯನಿಕ. ಅದು ಒಳ್ಳೆಯದೇ. ಆದರೆ ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮುವ ಎಂಜಿನ್ನುಗಳಲ್ಲಿ ಗಾಳಿಯ ವಾಲ್ವ್ ಮೇಲೆ ಪೆಟ್ರೋಲ್ ಹರಿಯುವುದೇ ಇಲ್ಲವಾದ್ದರಿಂದ ಆ ಭಾಗ ಅದರಿಂದ ತೊಳೆಯಲ್ಪಡುವುದಿಲ್ಲ. ಭಾರತ್ ಪೆಟ್ರೋಲಿಯಂನ ಸ್ಪೀಡ್ 97, ಮತ್ತು ಮೂರೂ ಕಂಪನಿಗಳ 100 ಆಕ್ಟೇನಿನ ಪೆಟ್ರೋಲ್ ಬೇರೆ ಸಾಲಿನವು. ಬೆಲೆ ಬಹಳ ಹೆಚ್ಚು, ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಹೆಸರು ನೋಡಿ ಹಣ ಕೊಡಬೇಡಿ, ಯಂತ್ರದ ಮೇಲೆ ಬರೆದ ಸಂಖ್ಯೆ ನೋಡಿ ಕೊಡಿ.

ಈಗ ಮೈಲೇಜ್ ವಿಚಾರ. ಎಥೆನಾಲಿನಲ್ಲಿ ಶಕ್ತಿ ಕಡಿಮೆ ಇರುವುದರಿಂದ ಇ20ರಲ್ಲಿ ಮೈಲೇಜ್ ಸ್ವಲ್ಪ ಇಳಿಯಲೇಬೇಕು. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಮಾರ್ಗನಕ್ಷೆಯಲ್ಲೇ ಇದರ ಅಂದಾಜು ಇದೆ: ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸವಾಗಿ ಇ10ಗೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7, ಇ10ಗೆ ವಿನ್ಯಾಸವಾಗಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2. ಹದಿನಾರು ಕಿಲೋಮೀಟರ್ ಕೊಡುತ್ತಿದ್ದ ಹಳೆಯ ಕಾರು ಹದಿನೈದಕ್ಕೆ ಇಳಿದಿದ್ದರೆ ಅದು ಕಾಯಿಲೆಯಾಗಿರಬೇಕಿಲ್ಲ, ಈ ಲೆಕ್ಕದೊಳಗೇ ಬರುತ್ತದೆ. ಹನ್ನೆರಡಕ್ಕೆ ಇಳಿದಿದ್ದರೆ ಮಾತ್ರ ಎಥೆನಾಲನ್ನು ದೂರಿ ಸುಮ್ಮನಾಗಬೇಡಿ, ಬೇರೆ ಏನೋ ಕೆಟ್ಟಿದೆ. ಪವರ್ ಪೆಟ್ರೋಲಿನಲ್ಲೂ ಅಷ್ಟೇ ಎಥೆನಾಲ್ ಇದ್ದರೆ ಅದು ಈ ಇಳಿಕೆಯನ್ನು ಸರಿಪಡಿಸಲಾರದು.

2023ರ ಏಪ್ರಿಲ್‌ಗಿಂತ ಹಿಂದಿನ ಕಾರುಗಳವರು ಇನ್ನೊಂದು ಕೆಲಸ ಮಾಡಬೇಕು. ಪೆಟ್ರೋಲ್ ಪೈಪಿನ ರಬ್ಬರ್, ವಾಷರ್‌ಗಳನ್ನು ಸರ್ವಿಸ್ ಸಮಯದಲ್ಲಿ ಬೆರಳಿನಿಂದ ಒತ್ತಿ ನೋಡಿಸಿ. ಬಿರುಕು, ಉಬ್ಬು, ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಇದ್ದರೆ ಅಂದೇ ಬದಲಿಸಿ. ನಮ್ಮ ಸೆಕೆಯಲ್ಲಿ ಪೆಟ್ರೋಲ್ ಸೋರಿಕೆಯನ್ನು ನಾಳೆಗೆ ಬಿಡಬಾರದು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಖಾಲಿ ಜಾಗ ಕಡಿಮೆ ಇದ್ದಷ್ಟೂ ತೇವಕ್ಕೆ ಆಸ್ಪದ ಕಡಿಮೆ.

ಹೆಜ್ಜೆ 3: ನಮ್ಮ ಬಿಸಿಲಿನಲ್ಲಿ ಎಂಜಿನ್ನಿನ ಸದ್ದು ಕೇಳಿ

ಬೆಂಗಳೂರಿನ ನೆಂಟರು “ನಮ್ಮದೂ ಅದೇ ಕಾರು, ಯಾವ ತೊಂದರೆಯೂ ಇಲ್ಲ” ಎಂದರೆ ಅದನ್ನು ಹಾಗೆಯೇ ನಂಬಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ರಾಯಚೂರು ಸುಮಾರು 400 ಮೀಟರ್. ಎತ್ತರದಲ್ಲಿ ಗಾಳಿ ತೆಳು, ಸಿಲಿಂಡರಿನೊಳಗಿನ ಒತ್ತಡ ಕಡಿಮೆ, ನಾಕಿಂಗ್ ಸಾಧ್ಯತೆಯೂ ಕಡಿಮೆ. ಅದರ ಮೇಲೆ ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಬಿಸಿಯಾದಷ್ಟೂ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಅಂಚಿಗೆ ಹತ್ತಿರವಾಗುತ್ತದೆ. ಒಂದೇ ಕಾರು, ಒಂದೇ ಪೆಟ್ರೋಲ್, ಅಲ್ಲಿ ನಿಶ್ಶಬ್ದವಾಗಿದ್ದದ್ದು ಇಲ್ಲಿ ಸದ್ದು ಮಾಡಬಹುದು. ಈ ಕಾರಣಕ್ಕೇ ನಮ್ಮ ಜಿಲ್ಲೆಗಳವರು ನಮ್ಮದೇ ದಾರಿಯಲ್ಲಿ ಪರೀಕ್ಷೆ ಮಾಡಿಕೊಳ್ಳಬೇಕು.

ಪರೀಕ್ಷೆ ಹೀಗೆ. ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೊರಡಿ. ಎಂಜಿನ್ ಚೆನ್ನಾಗಿ ಕಾದಿರಲಿ, ಕಾರಿನಲ್ಲಿ ನಾಲ್ಕು ಜನ ಇರಲಿ. ಬಳ್ಳಾರಿಯವರಿಗೆ ಸಂಡೂರಿನ ಗುಡ್ಡದ ಏರು ಹೇಳಿ ಮಾಡಿಸಿದ ಜಾಗ. ಕೊಪ್ಪಳ, ರಾಯಚೂರಿನ ಬಯಲಿನಲ್ಲಿ ಇರುವವರಿಗೆ ರೈಲ್ವೆ ಮೇಲ್ಸೇತುವೆಯ ಏರು ಸಾಕು. ಏರಿನಲ್ಲಿ ಮೂರನೇ ಗೇರಿನಲ್ಲಿ ನಿಧಾನದ ವೇಗದಿಂದ ಆಕ್ಸಿಲರೇಟರನ್ನು ಮುಕ್ಕಾಲು ಭಾಗ ಒತ್ತಿ. ಎಸಿಯ ಫ್ಯಾನ್ ಸದ್ದು ಅಡ್ಡ ಬಾರದಂತೆ ಕೆಲವು ಸೆಕೆಂಡು ಅದನ್ನು ಕನಿಷ್ಠಕ್ಕೆ ಇಟ್ಟು, ರಸ್ತೆಯ ಬದಿಯ ಗಾಜು ಇಳಿಸಿ ಕಿವಿಗೊಡಿ. ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದಂತಹ ಕಟಕಟ ಸದ್ದು ಒತ್ತಿದಾಗ ಬಂದು, ಕಾಲು ಸಡಿಲಿಸಿದಾಗ ನಿಂತರೆ ಅದು ನಾಕಿಂಗ್. ಎಂಜಿನ್ನಿನ ಸುತ್ತು ಏರಿದಂತೆ ಎಲ್ಲ ಸಮಯದಲ್ಲೂ ಬರುವ ಸದ್ದು ಬೇರೆ ಕಾಯಿಲೆ, ಮೆಕ್ಯಾನಿಕ್‌ಗೆ ತೋರಿಸಿ. ಹಿಂದೆ ವಾಹನ ಇಲ್ಲದಾಗ ಮಾತ್ರ ಇದನ್ನು ಮಾಡಿ.

ಸದ್ದು ಕೇಳಿಸಿದರೆ ಒಡನೆ ಪೆಟ್ರೋಲನ್ನು ಬದಲಿಸಬೇಡಿ. ಮೊದಲು ಗೇರ್ ಬದಲಿಸಿ ನೋಡಿ. ಮೈಲೇಜ್ ಉಳಿಸುತ್ತೇನೆಂದು ಏರಿನಲ್ಲೂ ನಾಲ್ಕನೇ ಗೇರಿನಲ್ಲೇ ಎಂಜಿನ್ನನ್ನು ಒದ್ದಾಡಿಸುವ ಅಭ್ಯಾಸ ನಮ್ಮಲ್ಲಿ ಬಹಳ. ನಾಕಿಂಗ್ ಹುಟ್ಟುವುದೇ ಅಲ್ಲಿ, ಉಳಿತಾಯವೂ ಆಗುವುದಿಲ್ಲ. ಒಂದು ಗೇರ್ ಇಳಿಸಿದಾಗ ಸದ್ದು ನಿಂತರೆ ಮದ್ದು ನಿಮ್ಮ ಎಡಗೈಯಲ್ಲೇ ಇದೆ.

ಹೆಜ್ಜೆ 4: ಪೆಟ್ರೋಲಿನ ಮೇಲೆ ತಪ್ಪು ಹೊರಿಸುವ ಮೊದಲು ಕಾರನ್ನು ಸರಿಮಾಡಿ

ನಾನು ಹಣ ಕಳೆದುಕೊಂಡದ್ದು ಈ ಹೆಜ್ಜೆಯನ್ನು ಬಿಟ್ಟದ್ದರಿಂದ.

ಬ್ರೇಕ್: ಹತ್ತಿಪ್ಪತ್ತು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿಸಿ, ಕೊನೆಯಲ್ಲಿ ಬ್ರೇಕ್ ಹೆಚ್ಚು ಬಳಸದೆ ನಿಧಾನವಾಗಿ ನಿಲ್ಲಿಸಿ. ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರದ ಕಾವು ಉಳಿದವಕ್ಕಿಂತ ಎದ್ದು ತೋರಿದರೆ ಅದರ ಬ್ರೇಕ್ ಹಿಡಿದಿದೆ.

ಟೈರ್ ಗಾಳಿ: ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಮೇಲೆ ಬರೆದಿರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ. ಮಧ್ಯಾಹ್ನ ಓಡಿಸಿ ಬಂದ ಟೈರಿನಲ್ಲಿ ಒತ್ತಡ ಹೆಚ್ಚು ತೋರುವುದು ಸಹಜ, ಅದನ್ನು ನೋಡಿ ಗಾಳಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಬೇಸಿಗೆಯಲ್ಲಿ ಟೈರ್ ಸಿಡಿಯುತ್ತದೆಂಬ ಭಯದಿಂದ ಗಾಳಿ ಕಡಿಮೆ ಇಡುವವರೂ ಇದ್ದಾರೆ. ಗಾಳಿ ಕಡಿಮೆ ಇದ್ದಾಗಲೇ ಟೈರಿನ ಪಕ್ಕಗಳು ಹೆಚ್ಚು ಬಾಗಿ ಹೆಚ್ಚು ಕಾಯುತ್ತವೆ, ಸಿಡಿಯುವ ಅಪಾಯ ಆಗಲೇ ಹೆಚ್ಚು.

ಎಂಜಿನ್ ಆಯಿಲ್: ಕೈಪಿಡಿಯಲ್ಲಿ 0ಡಬ್ಲ್ಯೂ-20ರಂತಹ ತೆಳು ಆಯಿಲ್ ಹೇಳಿರುವಾಗ “ನಮ್ಮ ಕಡೆ ಬಿಸಿಲು ಜಾಸ್ತಿ” ಎಂದು 20ಡಬ್ಲ್ಯೂ-50 ಸುರಿಯುವವರಿದ್ದಾರೆ. ದಪ್ಪ ಆಯಿಲನ್ನು ತಳ್ಳುವುದಕ್ಕೇ ಪೆಟ್ರೋಲ್ ಖರ್ಚಾಗುತ್ತದೆ.

ಏರ್ ಫಿಲ್ಟರ್: ತೋರಣಗಲ್ಲು, ಸಂಡೂರು ದಾರಿಯಲ್ಲಿ ದಿನವೂ ಓಡಾಡುವವರ ಫಿಲ್ಟರ್ ಅದಿರಿನ ಧೂಳಿನಿಂದ ಕೆಂಪಾಗಿರುತ್ತದೆ. ಇಂಜೆಕ್ಷನ್ ಕಾರುಗಳಲ್ಲಿ ಇದರಿಂದ ಮೈಲೇಜ್‌ಗಿಂತ ಪಿಕಪ್‌ಗೆ ಹೆಚ್ಚು ಹೊಡೆತ, ಆದರೂ ಸರ್ವಿಸ್ ಪುಸ್ತಕದ ಅವಧಿಗಿಂತ ಬೇಗ ಬದಲಿಸಿ. ಪ್ಲಗ್‌ಗಳ ವಯಸ್ಸನ್ನೂ ನೋಡಿಸಿ. ಮೇಲಿನ ಲಗೇಜ್ ಕ್ಯಾರಿಯರ್ ಬಳಸದಿದ್ದರೆ ತೆಗೆದಿಡಿ.

ಹೆಜ್ಜೆ 5: ಮೈಲೇಜನ್ನು ನೀವೇ ಅಳೆಯಿರಿ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಅಂದಾಜು ಮಾತ್ರ, ಅದನ್ನು ನಂಬಿ ಪೆಟ್ರೋಲ್ ಹೋಲಿಸಲಾಗದು. ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಅಳೆಯುವುದೊಂದೇ ದಾರಿ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಯಂತ್ರ, ಕಾರು ಒಂದೇ ಜಾಗದಲ್ಲಿ ಸಮನಾಗಿ ನಿಂತಿರಬೇಕು. ನಳಿಕೆ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ. “ಸರ್, ರೌಂಡ್ ಫಿಗರ್ ಮಾಡಲೇ?” ಎಂದು ಹುಡುಗ ಕೇಳಿದರೆ ಬೇಡವೆನ್ನಿ. ಕಟ್ ಆದ ಮೇಲೆ ತುಂಬಿಸಿದ್ದು ಅಳತೆಯನ್ನು ಕೆಡಿಸುತ್ತದೆ, ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಪೆಟ್ರೋಲ್ ನುಗ್ಗಿ ಅದನ್ನೂ ಹಾಳುಮಾಡಬಹುದು. ಓಡೋಮೀಟರ್ ಸಂಖ್ಯೆ, ಲೀಟರ್, ದಿನಾಂಕ, ಪೆಟ್ರೋಲಿನ ಬಗೆ, ಎಷ್ಟು ಜನ, ಎಸಿ ಇತ್ತೇ ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಿ.

ಒಂದು ಟ್ಯಾಂಕಿನ ಲೆಕ್ಕದಿಂದ ತೀರ್ಮಾನಕ್ಕೆ ಬರಬೇಡಿ. 450 ಕಿಲೋಮೀಟರ್ ಓಡಿ 30 ಲೀಟರ್ ಹಿಡಿಸಿದರೆ 15 ಬಂತು ಎನ್ನುತ್ತೇವೆ. ಟ್ಯಾಂಕ್ ತುಂಬುವಾಗ ಅರ್ಧ ಲೀಟರ್ ಅತ್ತಿತ್ತ ಆದರೆ ಅದೇ ಲೆಕ್ಕ 14.75ರಿಂದ 15.25ರವರೆಗೆ ಓಲಾಡುತ್ತದೆ. ಪವರ್ ಪೆಟ್ರೋಲಿನಿಂದ “ಅರ್ಧ ಕಿಲೋಮೀಟರ್ ಹೆಚ್ಚು ಬಂತು” ಎಂಬ ಸಂತೋಷ ಇಷ್ಟರಲ್ಲೇ ಮುಳುಗಿಹೋಗಬಹುದು. ಆದ್ದರಿಂದ ಮೂರು ಟ್ಯಾಂಕ್ ಸಾದಾ, ನಂತರ ಮೂರು ಟ್ಯಾಂಕ್ ಪವರ್, ಮತ್ತೆ ಎರಡು ಟ್ಯಾಂಕ್ ಸಾದಾ ಹಾಕಿ. ಬಗೆ ಬದಲಿಸಿದ ಮೊದಲ ಟ್ಯಾಂಕನ್ನು ಲೆಕ್ಕದಿಂದ ಬಿಡಿ, ಅದರಲ್ಲಿ ಹಳೆಯದು ಬೆರೆತಿರುತ್ತದೆ, ಎಂಜಿನ್ನಿನ ಕಂಪ್ಯೂಟರೂ ಹೊಸದಕ್ಕೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಉಳಿದ ಟ್ಯಾಂಕ್‌ಗಳ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಕೊನೆಯ ಸಾದಾ ಸುತ್ತನ್ನು ಬಿಡಬೇಡಿ. ಮೊದಲ ಸಾದಾ ಮೇ ತಿಂಗಳಲ್ಲಿ, ಪವರ್ ಮಳೆ ಬಿದ್ದ ಜೂನ್‌ನಲ್ಲಿ ಅಳೆದರೆ ಎಸಿ ಕಡಿಮೆಯಾದ ಲಾಭ ಪವರ್ ಪೆಟ್ರೋಲಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಕೊನೆಯ ಸುತ್ತು ಆ ತಪ್ಪನ್ನು ಹಿಡಿಯುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಇನ್ನೊಂದು ವಿಚಾರ ಇದೆ, ಇದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಆಗ ಪಶ್ಚಿಮದಿಂದ ಬೀಸುವ ಗಾಳಿಯ ರಭಸ ಕೊಪ್ಪಳ–ಗದಗ ದಾರಿಯ ಗಾಳಿಯಂತ್ರಗಳನ್ನು ನೋಡಿದರೇ ತಿಳಿಯುತ್ತದೆ. ಬಳ್ಳಾರಿಯಿಂದ ಹೊಸಪೇಟೆ ದಾಟಿ ಕೊಪ್ಪಳಕ್ಕೆ ಹೋಗುವಾಗ ಅದು ಎದುರುಗಾಳಿ, ಬರುವಾಗ ಬೆನ್ನಿಗೆ. ಹೋಗುವ ದಾರಿಯಲ್ಲಿ ಸಾದಾ, ಬರುವ ದಾರಿಯಲ್ಲಿ ಪವರ್ ಹಾಕಿ ಹೋಲಿಸಿದವರು ಗಾಳಿಯ ಮೈಲೇಜನ್ನು ಪೆಟ್ರೋಲಿನ ಮೈಲೇಜ್ ಎಂದು ತಿಳಿಯುತ್ತಾರೆ. ಯಾವಾಗಲೂ ಹೋಗಿ ಬಂದ ಪೂರ್ತಿ ಪ್ರಯಾಣವನ್ನೇ ಅಳೆಯಿರಿ. ವೇಗವನ್ನೂ ಒಂದೇ ಇಡಿ. ಗಂಟೆಗೆ 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಯಾವ ಆಕ್ಟೇನೂ ಅಷ್ಟು ದೊಡ್ಡ ವ್ಯತ್ಯಾಸ ತರಲಾರದು.

ಹೆಜ್ಜೆ 6: ಹಣದ ಲೆಕ್ಕ

ಸಾದಾ ಪೆಟ್ರೋಲಿನ ನಿಮ್ಮ ಮೈಲೇಜನ್ನು ಪವರ್ ಪೆಟ್ರೋಲಿನ ಬೆಲೆಯಿಂದ ಗುಣಿಸಿ, ಸಾದಾ ಬೆಲೆಯಿಂದ ಭಾಗಿಸಿ. ಪವರ್ ಪೆಟ್ರೋಲಿನಲ್ಲಿ ಅಷ್ಟಾದರೂ ಬಂದರೆ ಮಾತ್ರ ಹಣ ಸಮ. ಉದಾಹರಣೆಗೆ ಸಾದಾ ಲೀಟರ್‌ಗೆ 100 ರೂಪಾಯಿ, ಪವರ್ 108 ಎಂದಿಟ್ಟುಕೊಳ್ಳಿ. ಸಾದಾದಲ್ಲಿ 15 ಕೊಡುವ ಕಾರು ಪವರ್‌ನಲ್ಲಿ 16.2 ಕೊಡಬೇಕು. ಬೆಲೆಗಳು ಬದಲಾಗುತ್ತಿರುತ್ತವೆ, ರಾಜ್ಯದ ತೆರಿಗೆ ಬೇರೆಯಾದ್ದರಿಂದ ರಾಯಚೂರಿನಿಂದ ತೆಲಂಗಾಣಕ್ಕೋ ಬಳ್ಳಾರಿಯಿಂದ ಆಂಧ್ರಕ್ಕೋ ದಾಟಿದರೂ ಬದಲಾಗುತ್ತವೆ. ಹೋಲಿಸುವ ಎರಡು ಬೆಲೆಗಳು ಒಂದೇ ಬಂಕಿನವು, ಒಂದೇ ದಿನದವು ಆಗಿರಲಿ.

ಹೆಜ್ಜೆ 7: ನಿಮ್ಮ ಕಾರು ಯಾವ ಗುಂಪು?

ಟರ್ಬೊ ಇಲ್ಲದ, “ಕನಿಷ್ಠ 91” ಎಂದಿರುವ ಕಾರು. ನಮ್ಮ ರಸ್ತೆಗಳಲ್ಲಿ ಕಾಣುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಇವೇ. ಸಾದಾ ಹಾಕಿ, ನಿಶ್ಚಿಂತೆಯಿಂದಿರಿ. ಎಂಜಿನ್ನಿನ ಕಂಪ್ರೆಷನ್ (ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಅಳತೆ) 12ರಷ್ಟು ಎತ್ತರ ಇದ್ದರೂ ತಯಾರಕರು 91 ಎಂದಿದ್ದರೆ 91 ಸಾಕು, ಅವರು ಎಲ್ಲ ಲೆಕ್ಕ ಹಾಕಿಯೇ ಬರೆದಿರುತ್ತಾರೆ. ಮೂರನೇ ಹೆಜ್ಜೆಯಲ್ಲಿ ಸದ್ದು ಬಂದು, ನಾಲ್ಕನೇ ಹೆಜ್ಜೆಯ ಕೆಲಸಗಳೂ ಮುಗಿದು, ಗೇರ್ ಬದಲಿಸಿದರೂ ನಿಲ್ಲದಿದ್ದರೆ ಬೇಸಿಗೆಯ ಮೂರು ತಿಂಗಳು ಮಾತ್ರ ಹೆಚ್ಚಿನ ಆಕ್ಟೇನ್ ಹಾಕಿ ನೋಡುವುದು ನ್ಯಾಯ.

ಟರ್ಬೊ ಪೆಟ್ರೋಲ್ ಕಾರು. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಸೆಕೆ ಮತ್ತು ಭಾರ ಸೇರಿದಾಗ ನಾಕ್ ಸೆನ್ಸರ್ ಹೆಚ್ಚು ಕೆಲಸ ಮಾಡುವುದು ಇಂಥ ಕಾರುಗಳಲ್ಲೇ. ಚೀಟಿಯಲ್ಲಿ 95 ಶಿಫಾರಸು ಇದ್ದರೆ ಐದು ಮತ್ತು ಆರನೇ ಹೆಜ್ಜೆಯ ಹೋಲಿಕೆಯನ್ನು ತಪ್ಪದೆ ಮಾಡಿ. ಹೆದ್ದಾರಿಯಲ್ಲಿ ತುಂಬಿದ ಕಾರು ಓಡಿಸುವವರಿಗೆ ವ್ಯತ್ಯಾಸ ಕಾಣಬಹುದು, ಊರೊಳಗೆ ಮಕ್ಕಳನ್ನು ಶಾಲೆಗೆ ಬಿಡುವಷ್ಟಕ್ಕೆ ಕಾಣುವುದು ಕಷ್ಟ.

“ಕನಿಷ್ಠ 95” ಅಥವಾ ಅದಕ್ಕೂ ಹೆಚ್ಚು ಎಂದಿರುವ ದುಬಾರಿ ಕಾರು. ಬಳ್ಳಾರಿ, ರಾಯಚೂರು, ಹೊಸಪೇಟೆಯಂತಹ ಊರು ಬಿಡುವಾಗಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಮಸ್ಕಿಯೋ ಸಿರುಗುಪ್ಪವೋ ದಾಟುವಾಗ ಬೇಕಾದದ್ದು ಸಿಗದಿದ್ದರೆ ಟ್ಯಾಂಕ್ ತುಂಬಿಸದೆ ಹತ್ತು ಲೀಟರ್ ಮಾತ್ರ ಹಾಕಿಸಿ. ಮಿಶ್ರಣದ ಆಕ್ಟೇನ್ ಹೆಚ್ಚು ಕಡಿಮೆ ಪಾಲಿಗೆ ತಕ್ಕಂತೆ ಇರುತ್ತದೆ: 91 ಮತ್ತು 95 ಸಮಪಾಲು ಬೆರೆತರೆ ಸುಮಾರು 93. ಮುಂದಿನ ಊರಿನವರೆಗೆ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಕೆಳಗಿನ ಗೇರಿನಲ್ಲಿ ಸರಾಗವಾಗಿ ಓಡಿಸಿ.

ಹಳೆಯ ಕಾರ್ಬ್ಯುರೇಟರ್ ಕಾರು. ಇದಕ್ಕೆ ನಾಕ್ ಸೆನ್ಸರ್ ಇಲ್ಲ, ತಾನಾಗಿ ಹೊಂದಿಸಿಕೊಳ್ಳದು. ಅನುಭವಿ ಮೆಕ್ಯಾನಿಕ್ ಕೈಯಲ್ಲಿ ಟೈಮಿಂಗ್ (ಕಿಡಿ ಕೊಡುವ ಗಳಿಗೆ) ಮತ್ತು ಮಿಶ್ರಣವನ್ನು ಈಗಿನ ಪೆಟ್ರೋಲಿಗೆ ಹೊಂದಿಸಿಕೊಳ್ಳಿ, ರಬ್ಬರ್ ಭಾಗಗಳನ್ನು ಬದಲಿಸಿ.

ಅಂಗಡಿಗಳಲ್ಲಿ ಸಿಗುವ ಆಕ್ಟೇನ್ ಬೂಸ್ಟರ್ ಶೀಶೆಗಳ ಬಗ್ಗೆ ಒಂದೇ ಮಾತು: ಬೇಡ. ಕೆಲವುಗಳಲ್ಲಿ ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತಗಳಿರುತ್ತವೆ, ಅವು ಪ್ಲಗ್ ಮೇಲೆ ಪದರವಾಗಿ ಕೂರುತ್ತವೆ.

ಹೆಜ್ಜೆ 8: ಬಂಕ್‌ನಲ್ಲಿ ನಿಮ್ಮ ಹಕ್ಕು

ಬೆಳಗಿನ ಜಾವ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಸಿಗುತ್ತದೆ ಎಂದು ನಂಬಿ ನಿದ್ದೆಗೆಡಬೇಡಿ. ಪೆಟ್ರೋಲ್ ಒಂದು ಡಿಗ್ರಿಗೆ ಸುಮಾರು ಶೇ 0.1ರಷ್ಟು ಹಿಗ್ಗುವುದು ನಿಜ, ಆದರೆ ಅದು ಇರುವುದು ನೆಲದಡಿಯ ಟ್ಯಾಂಕಿನಲ್ಲಿ. ಅಲ್ಲಿನ ಉಷ್ಣಾಂಶ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬದಲಾಗುವುದು ತೀರ ಅಲ್ಪ.

ಮೀಟರ್ ಸೊನ್ನೆಯಿಂದ ಆರಂಭವಾಯಿತೇ ಎಂಬುದನ್ನು ಕಾರಿನಿಂದ ಇಳಿದು ನೋಡಿ. ಬಿಲ್ ಕೇಳಿ ಪಡೆಯಿರಿ. ಕಲಬೆರಕೆಯ ಅನುಮಾನ ಬಂದರೆ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಬಹುದು. ನಳಿಕೆಯ ತುದಿ ಒರೆಸಿ ಕಾಗದದ ಮೇಲೆ ಒಂದು ಹನಿ ಬಿಡುತ್ತಾರೆ. ಒಳ್ಳೆಯ ಪೆಟ್ರೋಲ್ ಒಂದೆರಡು ನಿಮಿಷದಲ್ಲಿ ಕಲೆ ಉಳಿಸದೆ ಆರಿಹೋಗುತ್ತದೆ. ಅಳತೆಯ ಅನುಮಾನ ಬಂದರೆ ಮುದ್ರೆ ಹಾಕಿದ ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸುವಂತೆ ಕೇಳಿ. ಐದು ಲೀಟರಿಗೆ 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶ ಇದೆ. ಕೊರತೆ ಅದಕ್ಕಿಂತ ಹೆಚ್ಚಾಗಿದ್ದರೆ, ಅಥವಾ ಪಾತ್ರೆ ತೋರಿಸಲು ಒಪ್ಪದಿದ್ದರೆ, ಬಿಲ್ಲಿನೊಂದಿಗೆ ಜಿಲ್ಲೆಯ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಕಚೇರಿಗೆ ದೂರು ಕೊಡಿ. ದೂರಿನಲ್ಲಿ ದಿನಾಂಕ, ಸಮಯ, ಯಂತ್ರದ ಸಂಖ್ಯೆ ಮತ್ತು ಯಾವ ನಳಿಕೆಯಿಂದ ಹಾಕಿಸಿದಿರಿ ಎಂಬುದನ್ನು ಬರೆಯಲು ಮರೆಯಬೇಡಿ.